ತಪಸ್ಸಿನ ಅಟ್ಟ

ನಾನು ಬರೆಯುವ ಮೇಜಿನ ಮೇಲೆ ಒಂದೂವರೆ ಅಡಿ ಉದ್ದದ ಅಡಿಕೆ ಮರ ಸೀಳಿ ತೆಗೆದ ದಬ್ಬೆಯೊಂದಿದೆ. ಗೆರೆ ಎಳೆಯುವುದಕ್ಕೆ ನನಗೆ ಅದೇ ಅಡಿಪಟ್ಟಿ. ಅದರ ಒಂದು ಮಗ್ಗುಲು ಮರದ ಬಣ್ಣದ್ದು, ಇನ್ನೊಂದು ಮಗ್ಗುಲು ಕಾಡಿಗೆಯಷ್ಟು ಕಪ್ಪು. ಎಷ್ಟು ಒರೆಸಿದರೂ ಕೈಗೆ ಮಸಿ ಹತ್ತುವುದರಿಂದ ನಾನು ಎಳೆದ ಪ್ರತಿ ಗೆರೆಯ ಪಕ್ಕದಲ್ಲಿಯೂ ಹೆಬ್ಬೆರಳಿನ ಗುರುತೊಂದು ಸಾಕ್ಷಿಯ ರುಜುವಿನಂತೆ ಬಿದ್ದಿರುತ್ತದೆ. ಮಳೆಗಾಲ ಬಂದರೆ ಅದು ಹೊಗೆಯ ವಾಸನೆ ಬೀರತೊಡಗುತ್ತದೆ. "ಒಲೆಗಾದ್ರೂ ಇಟ್ಟಿದ್ರೆ ಒಂದ್ ಲೋಟ ನೀರ್ ಕಾಯ್ತಿತ್ತು" ಎಂದು ನನ್ನ ಹೆಂಡತಿ ಸರೋಜಮ್ಮ ವರ್ಷಕ್ಕೆ ಎರಡು ಬಾರಿಯಾದರೂ ಹೇಳುತ್ತಾಳೆ. ನಾನು ಕೊಡುವುದಿಲ್ಲ. ನನ್ನ ಬಾಳಿನಲ್ಲಿ ನಾನು ನಡೆಸಿದ ದೊಡ್ಡ ಸಂಶೋಧನೆಗೆ ಅದು ಆಧಾರ. ಆ ಸಂಶೋಧನೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪಿಗೂ ಅದೇ ಆಧಾರ.

ದಬ್ಬೆ ಬಂದದ್ದು ತಿಪಟೂರಿನ ಅಯ್ಯನವರ ಮಠದಿಂದ. ಮಠ ಎಂದೊಡನೆ ಗೋಪುರ, ಮಹಾದ್ವಾರ, ಆನೆ ಕಟ್ಟುವ ಕಲ್ಲು ಇವನ್ನೆಲ್ಲ ಕಣ್ಣ ಮುಂದೆ ತಂದುಕೊಳ್ಳಬೇಡಿ. ಸುತ್ತಲ ಹಳ್ಳಿಗಳ ಮದುವೆ, ನಾಮಕರಣ, ಗೃಹಪ್ರವೇಶಗಳನ್ನು ನಡೆಸಿಕೊಡುತ್ತಿದ್ದ ಜಂಗಮ ಮನೆತನವೊಂದರ ವಾಸದ ಮನೆ ಅದು. ಬಂದವರಿಗೆಲ್ಲ ಅಲ್ಲಿ ದಾಸೋಹ, ಎಂದರೆ ಕೇಳದೆ ಎಲೆ ಹಾಕಿ ಬಡಿಸುವ ಊಟ, ನಡೆಯುತ್ತಿದ್ದುದರಿಂದ ಜನ ಮಠವೆಂದರು. ಕೊನೆಯ ಅಯ್ಯನವರು ಮದುವೆಯಾಗಿರಲಿಲ್ಲ. ಅವರು ಶಿವೈಕ್ಯರಾದ ಮೇಲೆ ಮನೆ ಅವರ ತಮ್ಮನ ಮಗ ಪರಮಶಿವಯ್ಯನವರಿಗೆ ಬಂತು. ತುಮಕೂರಿನಲ್ಲಿ ಹುಟ್ಟಿ ಬೆಳೆದು ಅಲ್ಲಿಯೇ ಜವಳಿ ಅಂಗಡಿ ಇಟ್ಟಿದ್ದ ಅವರು ಅದನ್ನು ಆರು ಸಂಸಾರಗಳ ವಠಾರವಾಗಿ ಮಾರ್ಪಡಿಸಿದರು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನಾವು ಅದರ ಮೂರನೆಯ ಪೋರ್ಷನ್ನಿಗೆ ಬಂದೆವು.

ಹಳಬರು ಮನೆಯನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ನಾಲ್ಕು ಕಂಬಗಳ ನಡುವಣ ಜಾಗ ಒಂದು ಅಂಕಣ. ಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ಪಡಸಾಲೆ, ಪಡಸಾಲೆಯ ಹಿಂದೆ ಕೋಣೆಗಳು, ತೀರ ಹಿಂದೆ ದಾಸೋಹದ ಅಡುಗೆಮನೆ, ಅದರಾಚೆ ಕೊಟ್ಟಿಗೆ. ಕಟ್ಟಿದವನ ಉದ್ದೇಶ ಸ್ಪಷ್ಟವಾಗಿತ್ತು: ಬಂದವನು ಬೀದಿಯಿಂದ ಜಗಲಿಗೆ, ಜಗಲಿಯಿಂದ ಪಡಸಾಲೆಗೆ, ಅಲ್ಲಿಂದ ಊಟದ ಪಂಕ್ತಿಗೆ ತಡೆಯಿಲ್ಲದೆ ನಡೆದು ಹೋಗಬೇಕು. ಪರಮಶಿವಯ್ಯನವರ ಉದ್ದೇಶವೂ ಅಷ್ಟೇ ಸ್ಪಷ್ಟವಾಗಿತ್ತು: ಎಲ್ಲೆಲ್ಲಿ ತಡೆಯಿಲ್ಲವೋ ಅಲ್ಲೊಂದು ಗೋಡೆ ಏಳಬೇಕು. ಗೋಡೆಗಳು ಕಂಬದ ಸಾಲು ಹಿಡಿದೇ ಎದ್ದವು. ಹೀಗಾಗಿ ಪ್ರತಿ ಕಂಬವೂ ಅರ್ಧ ಒಂದು ಮನೆಗೆ, ಅರ್ಧ ಇನ್ನೊಂದು ಮನೆಗೆ ಸೇರಿತು. ನಮ್ಮ ಕಂಬದ ತಲೆಯಲ್ಲಿ ಹಂಸವೊಂದನ್ನು ಕೆತ್ತಿದ್ದರು. ಅದರ ಕೊಕ್ಕು ನಮ್ಮ ಕಡೆ, ಬಾಲ ಪಕ್ಕದವರ ಕಡೆ. ಸರೋಜಮ್ಮ ಆ ಕೊಕ್ಕಿಗೆ ಕಾಫಿ ಸೋಸುವ ಬಟ್ಟೆಯನ್ನು ತೂಗುಹಾಕಿದಳು. "ಅವ್ರಿಗೆ ಕೊಕ್ಕು, ನಮಗೆ ಮಾತ್ರ ಬಾಲಾನಾ?" ಎಂದು ಪಕ್ಕದ ಮನೆಯಾಕೆ ಪರಮಶಿವಯ್ಯನವರಿಗೆ ದೂರು ಕೊಟ್ಟದ್ದುಂಟು. ಶಿವಪೂಜೆಯ ಗೂಡು ಒಬ್ಬರ ಪಾಲಿಗೆ ಬಂದು ಅಲ್ಲಿ ಉಪ್ಪಿನಕಾಯಿ ಜಾಡಿ ಪ್ರತಿಷ್ಠಾಪನೆಗೊಂಡಿತ್ತು. ಹೊಸ ಗೋಡೆಗಳು ಸೂರನ್ನು ಮುಟ್ಟಿರಲಿಲ್ಲವಾಗಿ ನಮ್ಮ ಮಗು ಸೀನಿದರೆ ಎರಡು ಮನೆ ಆಚೆಯಿಂದ "ನೂರ್ ವರ್ಷ" ಎಂಬ ಹಾರೈಕೆ ಗೋಡೆ ಹಾರಿ ಬರುತ್ತಿತ್ತು. ಪಾಲಾಗದೆ ಉಳಿದದ್ದು ತೊಟ್ಟಿಯ ಆಕಾಶವೊಂದೇ ಎನ್ನೋಣವೆಂದರೆ ಅದನ್ನೂ ಬಟ್ಟೆ ಒಣಗಿಸುವ ಹಗ್ಗಗಳು ಕರಾರುವಾಕ್ಕಾಗಿ ಆರು ಭಾಗ ಮಾಡಿದ್ದವು.

ಇಲ್ಲಿ ನನ್ನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಶಾಲೆಯಲ್ಲಿ ಓದಿದ್ದು ಮೂರನೆಯ ತರಗತಿಯವರೆಗೆ. ಕೊಬ್ಬರಿ ಮಂಡಿಯಲ್ಲಿ ತೂಕ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಉಳಿದ ವಿದ್ಯೆಯನ್ನೆಲ್ಲ ಅಂಗಡಿಯ ಪೊಟ್ಟಣದ ಕಾಗದಗಳಲ್ಲಿ ಓದಿ ಗಳಿಸಿದೆ. ಪೊಟ್ಟಣದಲ್ಲಿ ಬರುವ ಕಥೆಗೆ ಮೊದಲೂ ಇರುವುದಿಲ್ಲ, ಕೊನೆಯೂ ಇರುವುದಿಲ್ಲ. ಕಡಲೆ ತಿಂದು ಕಾಗದ ಬಿಡಿಸಿದರೆ ರಾಜ ಆಗಲೇ ಕಾಡಿನಲ್ಲಿರುತ್ತಾನೆ. ಯಾಕೆ ಹೋದ, ಯಾರು ಕಳಿಸಿದರು ಎಂಬುದನ್ನು ನಾವೇ ಊಹಿಸಬೇಕು. ಹೀಗೆ ಓದಿ ಬೆಳೆದವನಿಗೆ ಯಾರಾದರೂ ಪೂರ್ತಿ ಕಥೆ ಹೇಳಿದರೆ ಅನುಮಾನ ಹುಟ್ಟುವುದು ಸಹಜ. ಏನು ಹೇಳಿದರೂ "ಯಾಕೆ?" ಎನ್ನುತ್ತಿದ್ದೆನಾದ್ದರಿಂದ ಮಂಡಿಯವರು ನನಗೆ ಯಾಕಪ್ಪ ಎಂದು ಹೆಸರಿಟ್ಟರು. ಅಪ್ಪ ಅಮ್ಮ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ವಠಾರಕ್ಕೆ ಬಂದ ಮೊದಲ ವರ್ಷವೇ ನಾನು ಒಂದು ಜಯ ಸಾಧಿಸಿದೆ. ಮಠದ ತಲೆಬಾಗಿಲು ತೀರ ತಗ್ಗು. ಎಷ್ಟೇ ದೊಡ್ಡ ಮನುಷ್ಯನಾದರೂ ತಲೆ ಬಗ್ಗಿಸಿಯೇ ಒಳಗೆ ಬರಲಿ ಎಂದು ಹಿರಿಯ ಅಯ್ಯನವರು ಹಾಗೆ ಇಡಿಸಿದರೆಂದು ಬೀದಿಯವರೆಲ್ಲ ಭಕ್ತಿಯಿಂದ ಹೇಳುತ್ತಿದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ತೆಂಗಿನ ನಾರಿನ ಹಗ್ಗಕ್ಕೆ ಗಂಟು ಹಾಕಿಕೊಂಡು ಅಳೆದೆ. ಒಳಗಿನ ಬಾಗಿಲುಗಳೆಲ್ಲ ಆರಡಿ, ಹೊರಗಿನದು ಮಾತ್ರ ನಾಲ್ಕೂವರೆ. ಒಳಗೆ ಬಂದ ಮೇಲೆ ವಿನಯ ಬೇಡವೇ? ಕೆಲವು ತಿಂಗಳಲ್ಲಿ ನಲ್ಲಿಯ ಪೈಪು ಹಾಕಲು ಬಾಗಿಲ ಮುಂದೆ ಅಗೆದಾಗ ಮಣ್ಣಿನಡಿಯಲ್ಲಿ ಎರಡು ಕಲ್ಲಿನ ಮೆಟ್ಟಿಲುಗಳೂ ಹಳೆಯ ಹೊಸಿಲೂ ಸಿಕ್ಕವು. ರಸ್ತೆಗೆ ವರ್ಷ ವರ್ಷವೂ ಜಲ್ಲಿ ಸುರಿದು ಸುರಿದು ಬೀದಿ ಮೇಲೆದ್ದಿತ್ತು, ಬಾಗಿಲು ಇದ್ದಲ್ಲೇ ಇತ್ತು. ನಾನು ನಾಲ್ಕು ಜನರನ್ನು ಕರೆದು ತೋರಿಸಿದೆ. ಅವರು ನೋಡಿದರು, ಹೌದು ಎಂದರು, ಮರುದಿನ ಬಂದ ನೆಂಟರಿಗೆ ಮತ್ತೆ ವಿನಯದ ಕಥೆಯನ್ನೇ ಹೇಳಿದರು. ಗೆದ್ದವನು ನಾನೇ. ಆದರೆ ಆ ಬಾಗಿಲಿಗೆ ವಾರಕ್ಕೊಮ್ಮೆಯಾದರೂ ಹಣೆ ಬಡಿಸಿಕೊಳ್ಳುತ್ತಿದ್ದವನೂ ಇಡೀ ವಠಾರದಲ್ಲಿ ನಾನೊಬ್ಬನೇ.

ಈ ಗೆಲುವಿನ ಹುಮ್ಮಸ್ಸಿನಲ್ಲಿ ನನ್ನ ಕಣ್ಣು ತಪಸ್ಸಿನ ಅಟ್ಟದ ಮೇಲೆ ಬಿತ್ತು.

ಅದು ಇದ್ದದ್ದು ಹಿಂದಿನ ದಾಸೋಹದ ಅಡುಗೆಮನೆಯಲ್ಲಿ, ಎಂದರೆ ಆರನೆಯ ಪೋರ್ಷನ್ನಿನಲ್ಲಿ. ಅಲ್ಲಿ ಗೌರಕ್ಕ ಎಂಬಾಕೆ ಒಂಟಿಯಾಗಿ ವಾಸವಾಗಿದ್ದಳು. ಹಂದನಕೆರೆಯ ಕಡೆಯವಳು, ಐವತ್ತರ ಆಸುಪಾಸಿನವಳು. ನಮ್ಮ ಮಂಡಿಯಲ್ಲಿಯೇ ಕೊಬ್ಬರಿ ಒಡೆಯುವ ಕೆಲಸ ಮಾಡುತ್ತಿದ್ದಳು. ಒಳಗಿನ ಉಂಡೆಗೆ ಒಂದು ಗೀರೂ ಬೀಳದಂತೆ ಚಿಪ್ಪನ್ನು ಬಿಡಿಸುವುದರಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ಅವಳ ಮನೆಗೆ ಸೂರಿನ ಕೆಳಗೆ ಇನ್ನೊಂದು ಸೂರಿತ್ತು: ತೊಲೆಗಳ ಮೇಲೆ ಅಡಿಕೆ ದಬ್ಬೆಗಳನ್ನು ಬೆರಳು ತೂರುವಷ್ಟು ಸಂದು ಬಿಟ್ಟು ಹಾಸಿದ ಒಂದು ಅಟ್ಟ. ಕೊನೆಯ ಅಯ್ಯನವರು ಅದರ ಮೇಲೆ ಕುಳಿತು ತಪಸ್ಸು ಮಾಡಿದರೆಂದೂ, ಶಿವಯೋಗದ ಕಾವಿಗೆ ದಬ್ಬೆಗಳೆಲ್ಲ ಕರಕಾದವೆಂದೂ ಪ್ರತೀತಿ. ಗೌರಕ್ಕ ಪ್ರತಿ ಸೋಮವಾರ ಏಣಿಯ ಬುಡದಲ್ಲಿ ಒಂದು ದೀಪ ಹಚ್ಚುತ್ತಿದ್ದಳು. ಅದರ ಕೆಳಗೆ ಬೇರೆ ಸಂಸಾರ ಹೂಡಬಾರದು, ಅದನ್ನು ಕೀಳಬಾರದು ಎಂಬ ಭಯದಿಂದಲೇ ಪರಮಶಿವಯ್ಯನವರು ಅವಳನ್ನು ಅಲ್ಲಿಂದ ಕದಲಿಸಿರಲಿಲ್ಲ.

ನಾನು ಕೊಬ್ಬರಿಯ ನಡುವೆ ಬಾಳಿದವನು. ನಮ್ಮ ಸೀಮೆಯಲ್ಲಿ ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೇರಿಸಿ ವರ್ಷದ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎಂದರೆ ಇನ್ನೂ ನೀರಿದೆ, ಕಟಕಟ ಎಂದರೆ ಕೊಬ್ಬರಿ ಆಗಿದೆ. ಅಟ್ಟದ ಸಂದುಗಳು ಗಾಳಿಗಾಗಿ, ಮಸಿ ಮಳೆಗಾಲದಲ್ಲಿ ಕಾಯಿ ಕೆಡದಂತೆ ಕೆಳಗೆ ಹಾಕುವ ಹೊಗೆಯಿಂದ. ಇದನ್ನೆಲ್ಲ ಬಲ್ಲ ನಾನು, ಆ ದಬ್ಬೆಗಳ ಸಂದು ಕಂಡು ಹಗ್ಗ ಹಿಡಿದು ಅಳೆದೊಡನೆ ಇದು ತಪಸ್ಸಿನ ಅಟ್ಟವಲ್ಲ, ಕೊಬ್ಬರಿಯ ಅಟ್ಟ ಎಂದು ತೀರ್ಮಾನಿಸಿದೆ. ಮಂಡಿಯಲ್ಲಿ, ಕ್ಷೌರದಂಗಡಿಯಲ್ಲಿ, ವಾಚನಾಲಯದಲ್ಲಿ ಸಿಕ್ಕಿದವರಿಗೆಲ್ಲ ಹೇಳಿದೆ. ಯಾರೂ ಎದುರಾಡಲಿಲ್ಲ, ಒಪ್ಪಲೂ ಇಲ್ಲ. ಎಲ್ಲರೂ ನಕ್ಕು "ಹೌದಾ?" ಎನ್ನುತ್ತಿದ್ದರು. ಆ ನಗೆಯನ್ನು ನಾನು ಅಜ್ಞಾನವೆಂದು ತಿಳಿದೆ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಊರಿನಲ್ಲಿ ಮೋಲ್ಡಿನ ಗಾಳಿ ಬೀಸಿತು. ಹೆಂಚು ತೆಗೆದು, ಮಾಳಿಗೆ ಕೆಡವಿ, ಎಲ್ಲರೂ ಕಾಂಕ್ರೀಟಿನ ಮೋಲ್ಡ್ ಹಾಕಿಸತೊಡಗಿದರು. ಪರಮಶಿವಯ್ಯನವರಿಗೂ ಆಸೆಯಾಯಿತು. ದಾಸೋಹದ ಅಡುಗೆಮನೆ ಕೆಡವಿದರೆ ಅಲ್ಲಿ ಕೆಳಗೆ ಎರಡು, ಮೇಲೆ ಎರಡು ಮನೆ ಏಳಬಹುದಿತ್ತು. ಅಡ್ಡ ನಿಂತದ್ದು ಅಟ್ಟವೊಂದೇ. ಒಂದು ಶನಿವಾರ ಸಂಜೆ ಅವರು ನಮ್ಮ ಮನೆಗೆ ಬಂದು, ಹಂಸದ ಕೊಕ್ಕಿನ ಕೆಳಗೆ ಕುಳಿತು ಕಾಫಿ ಕುಡಿದರು.

"ಊರೆಲ್ಲ ಹೇಳ್ಕೊಂಡ್ ತಿರುಗ್ತಿದ್ದೀರಂತೆ, ಅದು ಕೊಬ್ಬರಿ ಅಟ್ಟ ಅಂತ?" ಎಂದರು.

ನಾನು ಜಗಳಕ್ಕೆ ಸಿದ್ಧನಾದೆ. "ಹೌದು ಅಯ್ನೋರೆ. ಅಳತೆ ಮಾಡಿದೀನಿ."

"ಬೈಯಕ್ಕೆ ಬಂದಿಲ್ಲ ಕಣ್ರೀ. ಸೋಮವಾರ ಬೆಳಿಗ್ಗೆ ಹಳ್ಳಿ ಕಡೆಯ ಹಿರೀಕರನ್ನ ಕರ್ಸಿದೀನಿ. ಅವ್ರ ಮುಂದೆ ಆ ಮಾತು ಹೇಳ್ಬುಡಿ. ದೊಡ್ಡಪ್ಪ ತಪಸ್ ಮಾಡಿದ್ ಜಾಗ ಕೆಡವಿದ ಅಂತ ನಾಳೆ ನನ್ ಮೇಲೆ ಮಾತು ಬರಬಾರ್ದು. ನನಗೂ ಒಳಗೊಳಗೆ ಒಂಥರಾ ಹೆದ್ರಿಕೆ."

ನನ್ನ ಎದೆ ಎರಡಂಗುಲ ಉಬ್ಬಿತು. ಅದುವರೆಗೆ ಯಾರೂ ನನ್ನ ಮಾತನ್ನು ಸಭೆಯಲ್ಲಿ ಕೇಳಿರಲಿಲ್ಲ. ಅವರು ಹೊರಟ ಮೇಲೆ ಸರೋಜಮ್ಮ ಲೋಟ ಎತ್ತುತ್ತಾ ಕೇಳಿದಳು: "ಅಟ್ಟ ಹೋದ್ರೆ ಗೌರಕ್ಕ ಎಲ್ಲಿಗ್ ಹೋಗ್ತಾಳೆ?"

"ಅದು ಬೇರೆ ವಿಷಯ" ಎಂದೆ.

"ಎಲ್ಲದಕ್ಕೂ ಯಾಕೆ ಯಾಕೆ ಅಂತೀರಲ್ಲ, ಅದ್ ಬೇರೆ ವಿಷಯ ಯಾಕೆ?" ಎಂದು ಒಳಗೆ ಹೋದಳು.

ಭಾನುವಾರ ಮಧ್ಯಾಹ್ನ ಅಟ್ಟ ಹತ್ತಿ ಕಣ್ಣಾರೆ ಕಂಡ ಪ್ರಮಾಣವೊಂದನ್ನು ತರಲು ಹೊರಟೆ. ಗೌರಕ್ಕ ಬೇಡವೆನ್ನಲಿಲ್ಲ. ತಾನೇ ಏಣಿಯನ್ನು ಹಿಡಿದುಕೊಂಡಳು. ಮೇಲೆ ಮೊಣಕಾಲೂರಿ ತೆವಳಿದೆ. ಮಸಿ ಉಣ್ಣೆಯ ಕಂಬಳಿಯಂತೆ ದಪ್ಪವಾಗಿ ಕೂತಿತ್ತು. ಮೂಲೆಯಲ್ಲಿ, ಗೋಡೆಗೂ ತೊಲೆಗೂ ನಡುವೆ ಸಿಕ್ಕಿಕೊಂಡು, ಸಿಪ್ಪೆಯೆಲ್ಲ ಪುಡಿಯಾದ ಒಂದು ಕಾಯಿ ಕೈಗೆ ಸಿಕ್ಕಿತು. ನಾನು ಸಂತೋಷದಿಂದ ಎದ್ದುನಿಂತೆ. ಅಟ್ಟದ ಮೇಲೆ ಎದ್ದುನಿಲ್ಲುವಷ್ಟು ಎತ್ತರವಿರಲಿಲ್ಲ. ಹಣೆ ಜಂತಿಗೆ ಬಡಿಯಿತು, ಇಪ್ಪತ್ತು ವರ್ಷದ ಮಸಿ ಒಟ್ಟಿಗೆ ನನ್ನ ಬಲಗಣ್ಣಿನೊಳಕ್ಕೆ ಉದುರಿತು, ಕಾಲಡಿಯ ಒಂದು ದಬ್ಬೆ ಲಟಕ್ಕನೆ ಮುರಿಯಿತು.

ಇಳಿದು ಬಂದಾಗ ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ದಬ್ಬೆ, ಒಂದು ಕಣ್ಣು ಮುಚ್ಚಿತ್ತು. ಆದರೂ ಗೆಲುವಿನ ಹೆಮ್ಮೆಯಲ್ಲಿ ಕಾಯನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದೆ. ಕಟಕಟ ಎಂದಿತು.

"ಕೇಳಿಸ್ತಾ ಗೌರಕ್ಕ? ಇದು ಕೊಬ್ಬರಿ ಅಟ್ಟ!"

"ಮತ್ತಿನ್ನೇನು?" ಎಂದಳು ಗೌರಕ್ಕ. "ಮದ್ಲು ಆ ಕಣ್ ತೊಳ್ಕಳಿ ಬನ್ನಿ."

ಅವಳು ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ರೆಪ್ಪೆ ಬಿಡಿಸಿ, ಚೊಂಬಿನಿಂದ ನೀರು ಹನಿಸತೊಡಗಿದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಅಯ್ನೋರು ತೀರ್ಕಳಾಕೆ ಮುಂಚಿನ ಐದ್ ವರ್ಷ ಈ ಒಲೇಲಿ ಅಡಿಗೆ ಮಾಡ್ದೋಳು ನಾನು. ಕಾಯಿ ಎಣಿಸಿ ಮೇಲಕ್ಕೆ ಕೊಟ್ಟೋಳೂ ನಾನೇ. ಊರೋರ್ಗೆಲ್ಲ ಗೊತ್ತು ಕಣ್ ಯಾಕಣ್ಣ. ತೆಂಗಿನ ಸೀಮೆಲಿ ಹುಟ್ಟಿ ಅಟ್ಟ ನೋಡಿ ಅಟ್ಟ ಅನ್ನಕ್ಕೆ ಅಳತೆ ಹಗ್ಗ ಬೇಕಾ?"

"ಮತ್ತೆ ಇಷ್ಟು ವರ್ಷ ನೀನು ಹೇಳಲಿಲ್ಲವಲ್ಲ?"

"ನೀವು ಕೇಳ್ನೇ ಇಲ್ವಲ್ಲ!" ಎಂದು ಅವಳು ನಿಜವಾಗಿಯೂ ಆಶ್ಚರ್ಯಪಟ್ಟಳು. "ಬಂದ್ರಿ, ಹಗ್ಗ ಹಿಡಿದ್ರಿ, ಅಳದ್ರಿ, ಹೋದ್ರಿ. ಕೆಳಗೆ ಒಂದು ಹೆಂಗಸು ಕೂತವ್ಳೆ, ಅವಳ್ನ ಒಂದ್ ಮಾತು ಕೇಳಾನ ಅನ್ನಿಸ್ನಿಲ್ಲ."

ನನ್ನ ಹೆಸರು ಯಾಕಪ್ಪ. ಜೀವಮಾನದಲ್ಲಿ ಬಾಗಿಲನ್ನು ಕೇಳಿದ್ದೆ, ಕಂಬವನ್ನು ಕೇಳಿದ್ದೆ, ಮಣ್ಣಿನಡಿಯ ಮೆಟ್ಟಿಲನ್ನು ಕೇಳಿದ್ದೆ. ಹತ್ತು ಹೆಜ್ಜೆ ದೂರದಲ್ಲಿದ್ದ, ದಿನವೂ ಮಂಡಿಯಲ್ಲಿ ಎದುರಿಗೆ ಕೂರುತ್ತಿದ್ದ ಸಾಕ್ಷಿಯನ್ನು ಕೇಳಿರಲಿಲ್ಲ. ಕಣ್ಣಿಗೆ ಬಿದ್ದ ಮಸಿಗಿಂತ ಈ ಮಾತು ಹೆಚ್ಚು ಉರಿಯಿತು. ತಡವಾಗಿಯಾದರೂ ಕೇಳಿದೆ: "ಹಾಗಾದರೆ ತಪಸ್ಸಿನ ಅಟ್ಟ ಅಂತ ಯಾಕೆ ಅಂದರು?"

ಗೌರಕ್ಕ ಚೊಂಬನ್ನು ಕೆಳಗಿಟ್ಟಳು. "ಅದಾ? ಹಳ್ಳಿಯೋರು ದಾಸೋಹಕ್ಕೆ ಅಂತ ಒಬ್ಬೊಬ್ರು ಹತ್ತೋ ಇಪ್ಪತ್ತೋ ಕಾಯಿ ತಂದಾಕೋರು. ಅದು ಕೊಬ್ಬರಿ ಆಗಿ ಮಾರಿದ್ರೆ ವರ್ಷದ ಊಟ, ಕೊಳ್ತ್ರೆ ಜನಕ್ಕೆ ಎಲೆ ಇಲ್ಲ. ಮಳೆಗಾಲ ಪೂರ್ತಿ ಅಯ್ನೋರೇ ಕೆಳಗೆ ಕೂತು ತೆಂಗಿನ ಮಟ್ಟೆ ಹೊಗೆ ಹಾಕೋರು. ಉರಿ ಎದ್ರೆ ಅಟ್ಟಾನೇ ಸುಟ್ಟೋಗ್ತದೆ, ಹೊಗೆ ಆರಿದ್ರೆ ಕಾಯಿ ಬೂಷ್ಟು ಹಿಡೀತದೆ. ಬ್ಯಾರೆಯೋರ ಕೈಗೆ ಬಿಡ್ತಿರ್ನಿಲ್ಲ. ಕಣ್ಣೆಲ್ಲ ಕೆಂಪಗೆ, ಕೆಮ್ಮು ಬ್ಯಾರೆ. ಬಿಳಿಗೆರೆ ಬಸಪ್ಪಾರು ಕಾಯಿ ಹೊತ್ಕೊಂಡು ಬಂದೋರು, 'ಏನ್ ಅಯ್ನೋರೆ, ತಪಸ್ಸು ಎಲ್ಲಿಗ್ ಬಂತು?' ಅನ್ನೋರು, ತಮಾಷೆಗೆ. ಇವ್ರು ಒಂದ್ ಕಾಯಿ ಅಲ್ಲಾಡ್ಸಿ ನೋಡಿ, 'ಇನ್ನೂ ನೀರಿದೆ ಕಣಪ್ಪ' ಅನ್ನೋರು. ಅದೇ ಮಾತು ನಿಂತ್ಕಂತು."

ಇಷ್ಟೇ ಸಂಗತಿ. ನಗೆಯಾಡಿ ಇಟ್ಟ ಹೆಸರನ್ನು ಕಾಲ ಗಂಭೀರವಾಗಿ ತೆಗೆದುಕೊಂಡಿತ್ತು. ನಾನು ಕಥೆಯನ್ನು ಸಂದೇಹಿಸಿದೆನೇ ಹೊರತು ಆ ಒಂದು ಶಬ್ದ ಎಲ್ಲಿಂದ ಬಂತೆಂದು ವಿಚಾರಿಸಲಿಲ್ಲ.

"ನಾಳೆ ಏನಂತ ಹೇಳ್ತೀರಾ?" ಎಂದು ಅವಳು ಕೇಳಿದಳು. ದನಿಯಲ್ಲಿ ಬೇಡಿಕೆಯಿರಲಿಲ್ಲ. ಆದರೆ ಹಂದನಕೆರೆಯಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ಒಲೆ ಇರುವತನಕ ನೀನಿರು ಎಂದು ಅಯ್ಯನವರು ಹೇಳಿದ ಮಾತೊಂದೇ ಆ ಮನೆಯ ಮೇಲೆ ಅವಳಿಗಿದ್ದ ಹಕ್ಕು. ಆ ಮಾತಿಗೆ ಸಾಕ್ಷಿಯಿರಲಿಲ್ಲ, ಅಟ್ಟದ ಭಯವೊಂದೇ ಅದನ್ನು ಕಾಪಾಡಿತ್ತು.

"ಸುಳ್ಳು ಹೇಳುವುದು ನನ್ನಿಂದಾಗದು ಗೌರಕ್ಕ" ಎಂದೆ.

"ಸುಳ್ ಹೇಳಿ ಅಂತ ನಾನೆಲ್ಲಂದೆ? ನಿಜಾನೇ ಹೇಳಿ. ಆದ್ರೆ ಅರ್ಧ ಹೇಳಬ್ಯಾಡಿ. ಪೂರ್ತಿ ಹೇಳಿ."

ಸೋಮವಾರ ಬೆಳಿಗ್ಗೆ ತೊಟ್ಟಿಯಲ್ಲಿ ಜಮಖಾನ ಹಾಸಿದರು. ಬಟ್ಟೆ ಹಗ್ಗಗಳನ್ನು ಬಿಚ್ಚಿದ್ದರಿಂದ ಆಕಾಶ ಅಂದು ಇಡಿಯಾಗಿತ್ತು. ಹಿರಿಯರು ಏಳೆಂಟು ಮಂದಿ ಬಂದಿದ್ದರು. ಅವರ ನಡುವೆ, ಊರುಗೋಲನ್ನು ಮಡಿಲಲ್ಲಿ ಮಲಗಿಸಿಕೊಂಡು, ಗೌರಕ್ಕ ಹೇಳಿದ ಬಿಳಿಗೆರೆಯ ಬಸಪ್ಪನವರು. ವಠಾರದ ಹೆಂಗಸರು ತಮ್ಮ ತಮ್ಮ ಅರ್ಧ ಕಂಬಗಳಿಗೆ ಒರಗಿ ನಿಂತರು. ಗೌರಕ್ಕ ತನ್ನ ಬಾಗಿಲಲ್ಲಿ ಕುಳಿತಿದ್ದಳು. ನನ್ನ ಬಲಗಣ್ಣು ಊದಿಕೊಂಡಿತ್ತು, ಒದ್ದೆ ಬಟ್ಟೆ ಒತ್ತಿ ಹಿಡಿದುಕೊಂಡೇ ಎದ್ದುನಿಂತೆ. ಇನ್ನೊಂದು ಕೈಯಲ್ಲಿ ಆ ಕಾಯಿ.

"ಅದು ಕೊಬ್ಬರಿ ಅಟ್ಟ" ಎಂದೆ. ಕಾಯನ್ನು ಅಲ್ಲಾಡಿಸಿದೆ. ತೊಟ್ಟಿಯಲ್ಲಿ ಕಟಕಟ ಸದ್ದು ಸ್ಪಷ್ಟವಾಗಿ ಕೇಳಿತು. ಪರಮಶಿವಯ್ಯನವರು ನೆಮ್ಮದಿಯಿಂದ ಹಿಂದಕ್ಕೆ ಒರಗಿದರು.

"ಮಾತು ಮುಗಿದಿಲ್ಲ ಅಯ್ನೋರೆ" ಎಂದೆ. "ನಿಮ್ಮ ದೊಡ್ಡಪ್ಪನವರು ಅಟ್ಟದ ಮೇಲೆ ಕೂರಲಿಲ್ಲ. ಕೆಳಗೆ ಕೂತರು. ಮಳೆ ಹಿಡಿದಾಗಿನಿಂದ ಬಿಡೋ ತನಕ ಉರಿ ಏಳದ ಹಾಗೆ, ಹೊಗೆ ಆರದ ಹಾಗೆ ಕೂತರು. ತಮಗೋಸ್ಕರ ಅಲ್ಲ, ಬೀದಿಯಿಂದ ಬಂದೋನ ಎಲೆಗೋಸ್ಕರ. ಇಲ್ಲಿರೋ ನೀವೆಲ್ಲ ಅಟ್ಟ ಇಟ್ಟೋರು. ಒಂದೇ ಒಂದು ಮಳೆಗಾಲ ಆಳಿನ ಕೈಗೆ ಬಿಡದೆ ಒಬ್ಬರೇ ಹೊಗೆ ಕಾದೋರು ಯಾರಾದ್ರೂ ಇದ್ರೆ ಎದ್ದು ಹೇಳಿ, ಅದು ತಪಸ್ಸಲ್ಲ ಅಂತ. ನಾನು ಕೂತ್ಕೋತೀನಿ."

ಯಾರೂ ಏಳಲಿಲ್ಲ. ತೆಂಗಿನ ತೋಟದವರಿಗೆ ಹೊಗೆ ಎಂದರೇನೆಂದು ಪ್ರವಚನ ಮಾಡಬೇಕಾಗಿಲ್ಲ. ಅವರಲ್ಲಿ ಇಬ್ಬರು ಅಭ್ಯಾಸಬಲದಿಂದ ಕಣ್ಣುಜ್ಜಿಕೊಂಡರು. ಬಸಪ್ಪನವರು ಮಾತ್ರ ಸಣ್ಣಗೆ ನಗತೊಡಗಿದರು. ನಗು ಹೆಚ್ಚಿ ಕೆಮ್ಮಾಯಿತು.

"ಆ ತಮಾಷೆ ಮಾಡ್ದೋನು ನಾನೇ ಕಣ್ರೀ. 'ತಪಸ್ಸು ಎಲ್ಲಿಗ್ ಬಂತು?' ಅಂತ. ಅಯ್ನೋರು ಶಿವೈಕ್ಯರಾದ್ ವರ್ಷ, ಇದೇ ತೊಟ್ಟಿಲಿ ನಿಂತು, ಇನ್ನು ಯಾರ್ನ ಕೇಳಾದು ಅಂತ ಅತ್ತೋನೂ ನಾನೇ. ಆಮೇಲೆ ಜನ ಏನೇನೋ ಕಟ್ಕಂಡ್ರು. ಕಟ್ಕಳ್ಳಿ ಅಂತ ಸುಮ್ಕಿದ್ದೆ. ಆ ಹೆಣ್ಮಗಳಿಗೂ ಒಂದು ನೆಳ್ಳು ಆಯ್ತಲ್ಲ ಅಂತ."

ಪರಮಶಿವಯ್ಯನವರ ಮುಖ ನೋಡಿ, ಸಿಟ್ಟು ಬಂದಿರಬೇಕೆಂದು ನಾನು ಎಣಿಸಿದೆ. ಅವರು ಎದ್ದು ಗೌರಕ್ಕನ ಮನೆಯೊಳಗೆ ಹೋಗಿ, ಕತ್ತೆತ್ತಿ ದಬ್ಬೆಗಳನ್ನು ನೋಡುತ್ತಾ ನಿಂತರು. ಹೊರಗೆ ಬಂದವರು ಮೆಲ್ಲಗೆ, "ನಾನು ಅವ್ರನ್ನ ನೋಡಿದ್ದು ಎರಡೇ ಸಲ. ದೊಡ್ಡ ತಪಸ್ವಿ, ಹತ್ರ ಹೋಗಬಾರ್ದು ಅಂತ ನಮ್ಮಪ್ಪ ಹೆದರಿಸ್ತಿದ್ರು. ಕೆಮ್ತಾ ಕೂತಿರೋರು ಅಂತ ಯಾರೂ ಹೇಳ್ಲಿಲ್ಲ. ಹೇಳಿದ್ರೆ ಬಂದು ಪಕ್ಕದಲ್ಲಿ ಕೂತ್ಕೋಬೌದಿತ್ತು" ಎಂದರು.

ಆಮೇಲೆ ಬಸಪ್ಪನವರ ಕಡೆ ತಿರುಗಿ, "ಹಂಗಾದ್ರೆ ಏನ್ ಮಾಡ್ಲಿ?" ಎಂದು ಕೇಳಿದರು.

"ನಿಮ್ ಮನೆ, ನಿಮ್ ಇಷ್ಟ. ಕೆಡವೋದಾದ್ರೆ ಮದ್ಲೇ 'ಇಂಥ ದಿನ' ಅಂತ ಹೇಳ್ಕಳ್ಸಿ. ನಮ್ಮ ಕಾಯಿ ಇದ್ದ ಜಾಗ, ಬಂದು ನಿಂತು ನೋಡ್ತೀವಿ. ಅಷ್ಟೇಯ" ಎಂದರು ಬಸಪ್ಪನವರು.

ಅಷ್ಟು ಜನ ಹಿರಿಯರು ಸುಮ್ಮನೆ ನಿಂತು ನೋಡುವಾಗ ಒಂದು ದಬ್ಬೆ ಕೀಳುವಂಥ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಪರಮಶಿವಯ್ಯನವರ ಮೋಲ್ಡು ಕೊನೆಗೆ ಹಳೆಯ ಕೊಟ್ಟಿಗೆಯ ಮೇಲೆ ಏರಿತು. ಅಲ್ಲಿ ಎರಡು ಮನೆಗಳಾದವು, ಅವುಗಳ ಬಾಗಿಲು ಆರೂವರೆ ಅಡಿ. ಮುರಿದ ದಬ್ಬೆಯನ್ನು ನಾನು ಕೇಳಿ ತೆಗೆದುಕೊಂಡೆ. ಅದರ ಜಾಗಕ್ಕೆ ಹೊಸದೊಂದನ್ನು ನಾನೇ ಕಟ್ಟಿಕೊಟ್ಟೆ.

ಆದರೆ ನನ್ನ ಸತ್ಯದ ಫಲ ಇಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ತಿಂಗಳು ಬಸಪ್ಪನವರ ಗಾಡಿ ಬಂದು ವಠಾರದ ಮುಂದೆ ನಿಂತಿತು. ತುಂಬ ಕಾಯಿ. "ಅಟ್ಟ ಅಂತ ಎಲ್ಲರ ಮುಂದೆ ಸಾಬೀತಾದ್ ಮೇಲೆ ಬರಿದು ಇರಬಾರ್ದಲ್ಲ ಯಾಕಣ್ಣ" ಎಂದು ಗೌರಕ್ಕ ಸೆರಗು ಬಿಗಿದು ಏಣಿ ಹಾಕಿದಳು. ವಠಾರದವರೂ ಒಬ್ಬೊಬ್ಬರು ಹತ್ತು ಹತ್ತು ಕಾಯಿ ಕೊಟ್ಟರು. ಮಳೆ ಹಿಡಿಯಿತು, ಅವಳು ಹೊಗೆ ಹಾಕಿದಳು. ಗೋಡೆಗಳು ಸೂರು ಮುಟ್ಟಿರಲಿಲ್ಲವೆಂದು ಆಗಲೇ ಹೇಳಿದ್ದೇನೆ. ಆರೂ ಸಂಸಾರಗಳು ಕೆಮ್ಮಿದವು. ಸರೋಜಮ್ಮನ ರೇಷ್ಮೆ ಸೀರೆ ಮದುವೆಮನೆಯಲ್ಲಿ ಅಟ್ಟದ ವಾಸನೆ ಬೀರಿತು. ಸತ್ಯಕ್ಕೆ ಬೆಲೆ ತೆರಬೇಕಾಗುತ್ತದೆಂದು ನಾನು ಎಷ್ಟೋ ಪೊಟ್ಟಣಗಳಲ್ಲಿ ಓದಿದ್ದೆ. ಅದು ಕೆಮ್ಮಿನ ರೂಪದಲ್ಲಿ ಬರುತ್ತದೆಂದು ಯಾವ ಪೊಟ್ಟಣವೂ ಹೇಳಿರಲಿಲ್ಲ. ಮಾರನೆಯ ವರ್ಷದಿಂದ ಕಾರ್ತಿಕ ಮಾಸದ ಸೋಮವಾರಗಳಲ್ಲಿ ಆ ಕೊಬ್ಬರಿ ಮಾರಿದ ಹಣದಿಂದ ತೊಟ್ಟಿಯಲ್ಲಿ ಎಲೆ ಹಾಕಿದರು. ಬೀದಿಯಿಂದ ಬಂದವರು ಅಲ್ಲಿ ಉಂಡರು. ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬಂದರು. ನಾನು ತಿದ್ದಲು ಹೋಗಲಿಲ್ಲ.

ನಾವು ಈಗ ಸ್ವಂತ ಮನೆಯಲ್ಲಿದ್ದೇವೆ. ಎಂಬತ್ತು ಮುಟ್ಟಿದ ಗೌರಕ್ಕ ಅಲ್ಲಿಯೇ ಇದ್ದಾಳೆ, ಒಲೆಯೂ ಇದೆ. ವರ್ಷಕ್ಕೊಮ್ಮೆ ಹೋಗಿ, "ತಪಸ್ಸು ಎಲ್ಲಿಗೆ ಬಂತು ಗೌರಕ್ಕ?" ಎಂದು ಕೇಳಿ ಬರುತ್ತೇನೆ.

ಕಳೆದ ತಿಂಗಳು ತುರುವೇಕೆರೆಯ ಬಸ್ಸಿನಲ್ಲಿ ಹೋಗುತ್ತಿದ್ದಾಗ ಪಕ್ಕದಲ್ಲಿ ದಬ್ಬೇಘಟ್ಟದವರೊಬ್ಬರು ಕುಳಿತರು. ಮಾತಿಗೆ ಮಾತು ಬೆಳೆದು, "ತಿಪಟೂರಲ್ಲಿ ಒಂದು ಮಠ ಐತೆ, ತಪಸ್ಸಿನ ಅಟ್ಟ ಅಂತ. ನೋಡಿದೀರಾ?" ಎಂದರು.

ನಾನು ನೋಡಿದ್ದೇನೆ ಎನ್ನಲಿಲ್ಲ. ಹೇಳಿ ಎಂದೆ.

"ಯಾರೋ ಯಾಕಪ್ಪ ಅಂತ ಒಬ್ಬ ಇದ್ನಂತೆ ಕಣ್ರೀ. ಏನ್ ಹೇಳಿದ್ರೂ ನಂಬ್ತಿರ್ನಿಲ್ವಂತೆ. ಪರೀಕ್ಷೆ ಮಾಡ್ತೀನಿ ಅಂತ ಅಟ್ಟ ಹತ್ತಿದ್ನಂತೆ. ಹತ್ತಿದ್ದೇ ತಡ, ಕಣ್ಣೇ ಹೋಗ್ಬುಡ್ತಂತೆ! ಮೂರ್ ದಿನ ಏನೂ ಕಾಣಾಕಿಲ್ಲ."

ಹಲ್ಲು ಕಚ್ಚಿಕೊಂಡು, "ಆಮೇಲೆ?" ಎಂದೆ.

"ಕೆಳಗೆ ಒಬ್ಬಾಕೆ ಇದ್ಲಂತೆ, ಗೌರಮ್ಮ ಅಂತ. ಆವಮ್ಮ ಕಣ್ ತೊಳ್ದು, ಕೂರ್ಸಿ ಹೇಳ್ಕೊಟ್ಲಂತೆ. ಆಮ್ಯಾಕೆ ಇವನಿಗೆ ನಿಜ ಕಾಣಿಸ್ತಂತೆ."

ಪರಂಪರೆಯಿಂದ ಬಂದ ಯಾವ ಕಥೆಯನ್ನೂ ನಾನು ಇದ್ದ ಹಾಗೆ ಒಪ್ಪಿದವನಲ್ಲ. ತಿದ್ದುವುದಕ್ಕೆಂದು ಆಗಲೇ ಬಾಯಿ ತೆರೆದಿದ್ದೆ. ಎಲ್ಲಿಂದ ತಿದ್ದಲಿ ಎಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲಿಯೇ ಅಳೆದು ನೋಡಿದೆ. ಬಸ್ಸು ಎರಡು ಸ್ಟಾಪು ದಾಟಿತು.

"ಮೂರು ದಿನವಲ್ಲ" ಎಂದೆ ಕೊನೆಗೆ, "ಒಂದೇ ದಿನ."

"ನಿಮಗೆಂಗೆ ಗೊತ್ತು?" ಎಂದು ಅವರು ಸ್ವಲ್ಪ ಸಿಟ್ಟಿನಿಂದಲೇ ತಿರುಗಿದರು.

"ಕೇಳಿ ತಿಳಿದುಕೊಂಡೆ" ಎಂದೆ.